ರಾಜನಿಗೆ ಹಾಕಿದ ಗೃಹಪ್ರವೇಶದ ಊಟ

ಹೋದ ಭಾನುವಾರ ನಮ್ಮನೆ ಕುದುರೆ ಸತ್ತುಹೋಯಿತು. ಕೊಂದದ್ದು ಒಂದು ಬಕೆಟ್ ಗೃಹಪ್ರವೇಶದ ಊಟ. ಸುರಿದವನು ನಾನು.

ನಿಮ್ಮನೆಗೆ ಕುದುರೆ ಯಾಕೆ ಬಂತು ಅಂತ ಕೇಳ್ತೀರಿ. ಸಿಟಿಯೊಳಗೇ ಸೇರಿಹೋಗಿರುವ ಹೇರೋಹಳ್ಳಿಯ ನಮ್ಮ ಮನೆಯ ಹಿಂದೆ ಎರಡು ಸೈಟಿನಷ್ಟು ಜಾಗ ಇದೆ. ಅಪ್ಪ ಹಸು ಕಟ್ಟುತ್ತಿದ್ದ ಶೀಟಿನ ಕೊಟ್ಟಿಗೆ, ಸಿಮೆಂಟಿನ ಬಾನಿ, ಒಂದು ನುಗ್ಗೆಮರ. (ಬಿಲ್ಡರ್‌ಗಳು ಆಗಾಗ ಬಂದು ನಮಗೆ ತಲೆ ಸರಿ ಇದೆಯಾ ಎಂದು ವಿಚಾರಿಸಿಕೊಂಡು ಹೋಗುತ್ತಾರೆ.) ಬಾಪೂಜಿ ನಗರದ ಬಾಬಣ್ಣ ಮದುವೆ ಮೆರವಣಿಗೆಗೆ ಕುದುರೆ ಕಳಿಸುತ್ತಿದ್ದವರು. ಮಂಡಿನೋವು ಬಂದು ಕೆಲಸ ಬಿಟ್ಟರು. ಅವರ ಎರಡು ಮುದಿ ಬಿಳಿ ಕುದುರೆಗಳನ್ನು, ರಾಜ ಮತ್ತು ರಾಣಿಯನ್ನು, ನಾನು ಮನೆಗೆ ತಂದೆ. ಏನು ಉಪಯೋಗಕ್ಕೆ? ಏನಕ್ಕೂ ಇಲ್ಲ. ಬ್ಯಾಂಡು, ಪಟಾಕಿ ಇಲ್ಲದ ಕಡೆ ನಾಲ್ಕು ದಿನ ನಿಂತಿರಲಿ ಅನ್ನಿಸಿತು, ಅಷ್ಟೇ.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಣಹುಲ್ಲು, ನೆನೆಸಿದ ಹುರುಳಿ, ನೀರು.

ಶನಿವಾರ ಎದುರುಮನೆ ಗೌರಮ್ಮ ಆಂಟಿಯ ಮಗನ ಹೊಸ ಮನೆ ಗೃಹಪ್ರವೇಶ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ, ಶುಭಕಾರ್ಯದಲ್ಲಿ ಉಳಿದದ್ದು ಕಸಕ್ಕೆ ಹೋಗಬಾರದು, ಹಸುವಿನ ಬಾಯಿಗೆ ಹೋಗಬೇಕು. ಭಾನುವಾರ ಬೆಳಗ್ಗೆ ಆಂಟಿ ಬಕೆಟ್ ಹಿಡಿದುಕೊಂಡು ಬಂದರು.

“ಹಸು ಹುಡುಕ್ಕೊಂಡು ಚಂದ್ರಾ ಲೇಔಟ್ ತನಕ ಹೋಗ್ಲೇನಪ್ಪ? ನಿನ್ ಕುದುರೆಗೇ ಹಾಕ್ಬಿಡು. ಅದೂ ಮೂಕಪ್ರಾಣಿನೇ ಅಲ್ವಾ?”

“ಹಾಕೋಣ ಆಂಟಿ. ಅಷ್ಟು ಮದುವೆಗೆ ಹೋಗಿದ್ದಾವೆ, ಒಂದ್ ದಿನಾನೂ ಊಟಕ್ಕೆ ಕೂತಿಲ್ಲ ಪಾಪ” ಎಂದು ನಾನೂ ಜೋಕ್ ಹೊಡೆದೆ.

ಅನ್ನ, ಪಾಯಸ, ನಾಲ್ಕೈದು ಹೋಳಿಗೆ. ರಾಣಿ ಮೂಸಿ ಮುಖ ತಿರುಗಿಸಿದಳು. ರಾಜ ಬಾನಿಯ ತಳ ನೆಕ್ಕಿದ.

ಮಧ್ಯಾಹ್ನ ಅವನು ಕಾಲಿನಿಂದ ನೆಲ ಕೆರೆಯತೊಡಗಿದ. ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಆಮೇಲೆ ಬಿದ್ದು ಹೊರಳಾಡಿದ. ಡಾಕ್ಟರು ಬಂದು ಮೂಗಿನಿಂದ ಟ್ಯೂಬ್ ಇಳಿಸಿದರು, ಇಂಜೆಕ್ಷನ್ ಕೊಟ್ಟರು.

“ಅನ್ನ ಹಾಕಿದ್ರಾ? ಇದು ಹಸು ಅಲ್ಲ ಸಾರ್. ಇದಕ್ಕೆ ವಾಂತಿ ಮಾಡ್ಕೊಳ್ಳೋಕೂ ಬರಲ್ಲ. ಒಳಗೆ ಹೋಗಿದ್ದು ಹೋಯ್ತು.”

ಸಂಜೆ ಆರರ ಹೊತ್ತಿಗೆ ರಾಜ ತಣ್ಣಗಾಗಿದ್ದ. ಜೆಸಿಬಿ ಎತ್ತಿಕೊಂಡು ಹೋಗುವಾಗ ಬೀದಿಯವರೆಲ್ಲ ವಿಡಿಯೋ ಮಾಡಿದರು. ಗೌರಮ್ಮ ಆಂಟಿ ಮಾತ್ರ ಬಾಗಿಲು ಹಾಕಿಕೊಂಡಿದ್ದರು.

ಡಾಕ್ಟರು ಹೇಳಿದ ಅನ್ನದ ಮಾತನ್ನು ನಾನು ಮೊದಲೇ ಕೇಳಿದ್ದೆ ಅನ್ನಿಸುತ್ತಿದೆ. ಕುದುರೆ ತಂದ ದಿನ ಬಾಬಣ್ಣ ನಮ್ಮ ಗೇಟಿನ ಹತ್ತಿರ ನಿಂತು “ಅನ್ನ ಮಾತ್ರ ಹಾಕ್ಬೇಡಿ ಸಾರ್” ಅಂದ ಹಾಗೆ. ನಾನು ಆಗತಾನೆ ತೆಗೆದ ಕುದುರೆ ಫೋಟೋಗಳನ್ನು ಫೋನಿನಲ್ಲಿ ನೋಡುತ್ತಾ ‘ಹೂಂ’ ಅಂದ ಹಾಗೆ. ನಿಜವಾ? ಅಥವಾ ಡಾಕ್ಟರ ಮಾತನ್ನೇ ನನ್ನ ತಲೆ ಬಾಬಣ್ಣನ ಬಾಯಿಗೆ ತುರುಕಿತಾ? ನಾನು ಸೈಕಾಲಜಿ ಎಂ.ಎ. ಮಾಡಿದವನು. ನೆನಪು ರೆಕಾರ್ಡಿಂಗ್ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಪುಟಗಟ್ಟಲೆ ಬರೆದು ಪಾಸಾದವನು. ಅದರಿಂದ ಈಗ ಏನು ಪ್ರಯೋಜನ?

ಹೆಂಡತಿಯನ್ನು ಕೇಳಿದೆ. “ಹೇಳಿದ್ರೋ ಏನೋ. ನೀವು ಯಾರ ಮಾತು ಪೂರ್ತಿ ಕೇಳ್ತೀರಾ?” ಅಂದಳು.

ಬುಧವಾರ ಬಾಬಣ್ಣನಿಗೇ ಫೋನ್ ಮಾಡಿದೆ. ರಾಜ ಹೋದ ಎಂದೆ, ಹೇಗೆ ಎಂದೂ ಹೇಳಿದೆ.

“ಅನ್ನ ಹಾಕಬಾರದು ಅಂತ ನೀವು ನಂಗೆ ಹೇಳಿದ್ರಾ ಬಾಬಣ್ಣ?”

“ಇಲ್ಲ ಸಾರ್” ಎಂದರು ತಕ್ಷಣ. “ಹೇಳೋದು ಮರ್ತೋಯ್ತು. ತಪ್ಪು ನಂದೇ. ನೀವು ಮನಸ್ಸಿಗೆ ಹಚ್ಕೋಬೇಡಿ. ರಾಣಿನ ನೋಡ್ಕೊಳ್ಳಿ.”

ಹದಿನೆಂಟು ವರ್ಷ ಆ ಕುದುರೆ ಸಾಕಿದವರು, ಅದು ಏನು ತಿಂದರೆ ಸಾಯುತ್ತದೆ ಎಂದು ಹೇಳುವುದನ್ನೇ ಮರೆಯುತ್ತಾರಾ?

ಯಾರು ಏನೇ ಹೇಳಿದರೂ ಸಾಕ್ಷಿ ಕೇಳುವ ನಾನು, ಅವತ್ತು ಮಾತ್ರ ಏನೂ ಕೇಳದೆ ‘ಥ್ಯಾಂಕ್ಸ್ ಬಾಬಣ್ಣ’ ಎಂದು ಯಾಕೆ ಫೋನ್ ಇಟ್ಟೆ?