ಅತ್ತಿಗೆಯ ಸ್ಲೇಟು, ನನ್ನ ಪ್ರೊಫೈಲು

ಕಳೆದ ಮಂಗಳವಾರ ಬೆಳಿಗ್ಗೆ ಎರಡನೇ ಪಿರಿಯಡ್ಡಿಗೆ ಹೊರಟಿದ್ದೆ. ನಮ್ಮೂರು ತಾಯಲೂರಿನಿಂದ ಅತ್ತಿಗೆಯ ಫೋನ್.

"ಏಮಯ್ಯಾ, ನಿನ್ನ ಕಂಪ್ಯೂಟರು ಫ್ಯಾನ್ ಆನ್ ಅಂತ ತೋರಿಸ್ತೈತೆ. ಫ್ಯಾನ್ ನೋಡಿದ್ರೆ ಸುಮ್ನೆ ನಿಂತೈತೆ. ಯಾರನ್ನ ನಂಬ್ಲಿ?"

ಆ ಪ್ರೋಗ್ರಾಂ ಬರೆದವನು ನಾನೇ. ಕೋಲಾರದ ಕಾಲೇಜೊಂದರಲ್ಲಿ ಇದೇ ವಿದ್ಯೆಯನ್ನು ಪಾಠ ಮಾಡುವವನೂ ನಾನೇ. ಅತ್ತಿಗೆ ಸಿಟ್ಟು ಬಂದಾಗ ಮಾತ್ರ ನನ್ನನ್ನು ತೆಲುಗಿನಲ್ಲಿ ಕರೆಯುತ್ತಾರೆ ಎನ್ನುವುದೂ ನನಗೆ ಚೆನ್ನಾಗಿ ಗೊತ್ತು.

ಅಣ್ಣ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾನೆ. ರೇಷ್ಮೆ ಹುಳುಮನೆ ಪೂರ್ತಿ ಅತ್ತಿಗೆಯದು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲ್ಲಾಡದೆ ನಿಂತು, ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕುವಂತಿಲ್ಲ. ಹುಳು ಮಲಗುವ ಸೊಪ್ಪಿನ ಹಾಸಿಗೆ ಒಣಗಿರಬೇಕು, ಗಾಳಿಯಾಡಬೇಕು. ತೇವ ಕೂತು ರೋಗ ಬಂದರೆ ಇಡೀ ಬೆಳೆಯನ್ನು ಗುಂಡಿಗೆ ಸುರಿಯಬೇಕು. ಆ ದಿನ ನಾಲ್ಕನೇ ಜ್ವರ. ಮೂರು ದಿನದಿಂದ ಜಿಟಿಜಿಟಿ ಮಳೆ ಬೇರೆ.

ಹಿಂದಿನ ವಾರವಷ್ಟೇ ಅಲ್ಲೊಂದು ಪುಟ್ಟ ಕಂಪ್ಯೂಟರ್ ಡಬ್ಬಿ ಇಟ್ಟು, ಫ್ಯಾನನ್ನು ಅದಕ್ಕೆ ಜೋಡಿಸಿ, ಜಂಬದಿಂದ ಕಾಫಿ ಕುಡಿದು ಬಂದಿದ್ದೆ. ತೇವ ಮಿತಿ ಮೀರಿದರೆ ಫ್ಯಾನ್ ತಾನೇ ಓಡಬೇಕು. ಮಿತಿ ಎಷ್ಟು, ಫ್ಯಾನ್ ಯಾವುದು ಎಂಬುದನ್ನು ಪ್ರೋಗ್ರಾಂ ಒಳಗೆ ಬರೆಯದೆ, ಹೊರಗೆ ಪ್ರಾಪರ್ಟೀಸ್ ಫೈಲ್ ಎಂಬ ಬೇರೆ ಕಡತದಲ್ಲಿ ಇಟ್ಟಿದ್ದೆ. ಪ್ರೋಗ್ರಾಂ ಕಟ್ಟಲು ನಾನು ಬಳಸುವ ಫ್ರೇಮ್‌ವರ್ಕ್‌ನಲ್ಲಿ ಅದೇ ಪದ್ಧತಿ. ಒಂದೇ ಪ್ರೋಗ್ರಾಂ, ಎರಡು ಪ್ರೊಫೈಲ್, ಅಂದರೆ ಎರಡು ಬಗೆಯ ವಿವರ. 'ಹುಳುಮನೆ' ಅಂತ ಹೇಳಿದರೆ ನಿಜವಾದ ಫ್ಯಾನ್ ಓಡುತ್ತದೆ. 'ಟೆಸ್ಟ್' ಅಂತ ಹೇಳಿದರೆ ಪರದೆಯ ಮೇಲೆ 'ಫ್ಯಾನ್ ಆನ್' ಎಂದು ಬರೆದು ಸುಮ್ಮನಾಗುತ್ತದೆ. (ಕೋಲಾರದ ಬಾಡಿಗೆ ಮನೆಯಲ್ಲಿ ಹುಳು ಸಾಕಿಕೊಂಡು ಪರೀಕ್ಷೆ ಮಾಡಲಾದೀತೇ?)

ಕಾಲೇಜಿಗೆ ರಜೆ ಹೇಳಿ ಬೈಕ್ ಹತ್ತಿದೆ. ಮುಳಬಾಗಿಲು ದಾಟಿ ತಾಯಲೂರು ಸೇರುವಷ್ಟರಲ್ಲಿ ಅತ್ತಿಗೆ ಫ್ಯಾನಿನ ಪ್ಲಗ್ಗನ್ನು ನನ್ನ ಡಬ್ಬಿಯಿಂದ ಕಿತ್ತು ನೇರ ಗೋಡೆಗೆ ಚುಚ್ಚಿದ್ದರು. ತೇವ ಹೀರಲೆಂದು ಹುಳುಗಳ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿದ್ದೂ ಆಗಿತ್ತು. ಗಾಬರಿಯಾಗಿದ್ದವನು ನಾನೊಬ್ಬನೇ.

"ಕಾಲ್ ತೊಳ್ಕೋ. ಚಪ್ಪಲಿ ಬದಲಾಯ್ಸು. ಆಮೇಲೆ ಒಳಗೆ ಬಾ."

ತೊಳೆದುಕೊಂಡು ಕೂತೆ. ಪ್ರೋಗ್ರಾಂ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆಗೆದು ಕೆಳಗಿನಿಂದ ಓದತೊಡಗಿದೆ. ನೂರಾರು ಸಾಲು. ತೇವ ಅಳೆಯುವ ಸೆನ್ಸರ್ ಕೆಟ್ಟಿದೆಯೇ? ಫ್ಯಾನಿಗೆ ಕರೆಂಟ್ ಬಿಡುವ ರಿಲೇ ಸುಟ್ಟಿದೆಯೇ? ಅತ್ತಿಗೆ ಹಿಂದೆ ನಿಂತು ನೋಡುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ಓದಿದವರು.

"ಕೆಳಗಿಂದ ಯಾಕೋ ಓದ್ತೀಯ? ಮೇಲಿಂದ ಓದು."

ಮೇಲೆ ಹೋದೆ. ಮೊದಲ ಸಾಲಿನಲ್ಲೇ ಇತ್ತು, ಆಕ್ಟಿವ್ ಪ್ರೊಫೈಲ್: ಟೆಸ್ಟ್.

"ಟೆಸ್ಟಾ? ನನ್ನ ಹುಳುಗೆ ಪರೀಕ್ಷೆ ಇಟ್ಟಿದ್ದೀಯೇನೋ?"

ವಿಷಯ ಇಷ್ಟೇ. ಮೊದಲ ದಿನ ಪ್ರೊಫೈಲ್ ಹೆಸರನ್ನು ನಾನೇ ಕೈಯಾರೆ ಟೈಪ್ ಮಾಡಿ ಪ್ರೋಗ್ರಾಂ ಶುರು ಮಾಡಿದ್ದೆ. ಮಂಗಳವಾರ ಬೆಳಿಗ್ಗೆ ಕರೆಂಟ್ ಹೋಗಿ ಬಂದಿದೆ. ಕಂಪ್ಯೂಟರ್ ತಾನಾಗಿ ಎದ್ದಿದೆ, ಪ್ರೋಗ್ರಾಮನ್ನೂ ಎಬ್ಬಿಸಿದೆ. ಪ್ರೊಫೈಲ್ ಯಾವುದೆಂದು ಹೇಳುವವರಿಲ್ಲ. ಯಾರೂ ಏನೂ ಹೇಳದಿದ್ದರೆ ಟೆಸ್ಟ್ ಅಂದುಕೋ ಎಂದು ಬರೆದಿಟ್ಟ ಮಹಾನುಭಾವ ಯಾರು? ನಾನೇ. ಮನೆಯಲ್ಲಿ ಕೂತು ಬರೆಯುವಾಗ ನನಗೆ ಅನುಕೂಲ ಅಂತ.

"ಕರೆಂಟ್ ಹೋಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ? ಯಾವೂರಲ್ಲಿ ಹುಟ್ಟಿದ್ದು ನೀನು?"

ಅತ್ತಿಗೆ ಬಾಗಿಲ ಪಕ್ಕಕ್ಕೆ ಕೈ ತೋರಿಸಿದರು. ಮೊಳೆಗೆ ಒಂದು ಸ್ಲೇಟು ತೂಗುತ್ತಿತ್ತು. 'ನಾಲ್ಕನೇ ಜ್ವರ. ಸೊಪ್ಪು ಬೇಡ. ಕಿಟಕಿ ತೆಗೆದಿರಲಿ.' ಅಷ್ಟೇ ಬರಹ.

"ಸೊಪ್ಪು ಹಾಕೋಕೆ ನಾನು ಬರ್ತೀನಿ, ನಿಮ್ಮಣ್ಣ ಬರ್ತಾನೆ, ಪಕ್ಕದ್ಮನೆ ರತ್ನಮ್ಮ ಬರ್ತಾಳೆ. ಬಾಯಲ್ಲಿ ಹೇಳಿದ್ದು ಮರ್ತೋಗುತ್ತೆ. ಯಾರೇ ಬರ್ಲಿ, ಸ್ಲೇಟ್ ನೋಡಿ ಕೆಲಸ."

"ಸ್ಲೇಟ್ ಖಾಲಿ ಇದ್ರೆ ಅತ್ತಿಗೆ?"

"ಖಾಲಿ ಇದ್ರೆ ಯಾರೂ ಹುಳು ಮುಟ್ಟಲ್ಲ. ನನ್ನ ಕೂಗ್ತಾರೆ. ಗೊತ್ತಿಲ್ದೆ ಏನೋ ಒಂದು ಮಾಡೋದಕ್ಕಿಂತ ಸುಮ್ನಿರೋದು ವಾಸಿ ಕಣೋ."

ನಾನು ಕ್ಲಾಸಿನಲ್ಲಿ ಇದನ್ನೇ ಹೇಳಲು ನಲವತ್ತು ಸ್ಲೈಡ್ ತೋರಿಸುತ್ತೇನೆ. ಕೆಲಸ ಮಾಡುವವರು ಬೇರೆ, ಕೆಲಸದ ವಿವರ ಬೇರೆ. ವಿವರ ಹೊರಗೆ, ಎಲ್ಲರ ಕಣ್ಣಿಗೆ ಬೀಳುವಂತಿರಲಿ. ಅಲ್ಲಿಯವರೆಗೆ ನಾನೂ ಜಾಣನೇ. ಆದರೆ ವಿವರವೇ ಇಲ್ಲದಾಗ ಏನು ಮಾಡಬೇಕು? ನಾನು ಅಂದಾಜಿಗೆ ಬಿಟ್ಟಿದ್ದೆ. ಅತ್ತಿಗೆ ಬಿಟ್ಟಿರಲಿಲ್ಲ. ಒಲೆ ಮೇಲಿನ ಹಾಲನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಂಡು ಪೇಪರ್ ಓದುವ ಜಾತಿ ನಮ್ಮದು. (ನೀವೂ ಅದೇ ಜಾತಿ, ಗೊತ್ತು ಬಿಡಿ.) ಹುಳುವಿನ ಜೊತೆ ಬದುಕುವವರಿಗೆ ಆ ಸೌಕರ್ಯ ಇಲ್ಲ. ಅವರ ಮೇಲೆ ನನಗೆ ಅಂದು ಬಂದ ಗೌರವ ದೊಡ್ಡದು.

ಅಲ್ಲೇ ಕೂತು ತಿದ್ದಿದೆ. 'ಹುಳುಮನೆ' ಎಂಬ ಹೆಸರನ್ನು ಆ ಕಂಪ್ಯೂಟರಿನಲ್ಲೇ ಕಾಯಂ ಬರೆದಿಟ್ಟೆ. 'ಟೆಸ್ಟ್ ಅಂದುಕೋ' ಎಂಬ ಸಾಲನ್ನು ಅಳಿಸಿದೆ. ಇನ್ನು ಪ್ರೊಫೈಲ್ ಸಿಗದಿದ್ದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ, ಬೆಲ್ ಹೊಡೆಯುತ್ತದೆ. ಅತ್ತಿಗೆ ಮೂರು ಸಲ ಮೇನ್ ಸ್ವಿಚ್ ತೆಗೆದು ಹಾಕಿಸಿ, ಪ್ರತಿ ಸಲವೂ ಮೊದಲ ಸಾಲನ್ನು ತಾವೇ ಓದಿದರು. ಆಮೇಲೆ ಪ್ಲಗ್ಗನ್ನು ಡಬ್ಬಿಗೆ ಚುಚ್ಚಲು ಬಿಟ್ಟರು.

ಆದರೂ ಒಂದು ಚಿಂತೆ ಉಳಿಯಿತು. ಹುಳುಗಳು ಪೊರೆ ಕಳಚಿ ಏಳದಿದ್ದರೆ?

ಬುಧವಾರ ಸಂಜೆ ಫೋನ್ ಬಂತು. ಹುಳುಗಳು ಒಂದೇ ಸಮನೆ ಎದ್ದಿವೆ, ಸೊಪ್ಪು ಹಾಕಿದ್ದೇ ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಿವೆ ಎಂದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

"ಈಗ ನಂಬಿಕೆ ಬಂತಾ ಅತ್ತಿಗೆ?"

"ಪ್ರೋಗ್ರಾಂ ಮೇಲೆ ಬಂತಪ್ಪ. ನಿನ್ ಮೇಲೆ ಬರೋಕೆ ಇನ್ನೊಂದು ಬೆಳೆ ಆಗ್ಲಿ."