ಮಾಬುಸಾಬರ ಮಷಿನ್ ಹೊಸದಾಯಿತು

ಮೊಹರಂಗೆ ಇನ್ನೂ ಎರಡು ವಾರ ಇದ್ದಾಗಿನ ಮಾತು. ಅವತ್ತು ನಾನು ಒಂದು ಮಷಿನ್‌ಗೆ ಹೊಸ ಟಾವೆಲ್ ಹೊದಿಸಿ, ಅದರ ಪಕ್ಕದಲ್ಲಿ ಕುಸ್ತಿ ಗೆದ್ದವನ ಹಾಗೆ ಎದೆ ಉಬ್ಬಿಸಿ ನಿಂತಿದ್ದೆ.

ಹೊಸ ಟಾವೆಲ್ ರೀ. ಅಂಗಡಿಯಲ್ಲಿ ಕೈ ಒರೆಸುವ ಚಿಂದಿ ಅಲ್ಲ. ಬೆಳಿಗ್ಗೆ ಬಜಾರಿಗೆ ಹೋಗಿ ತಂದದ್ದು. ಬಣ್ಣ ಹಚ್ಚಿದ ಮಷಿನ್ ಮೇಲೆ ಒಂದು ಧೂಳಿನ ಕಣವೂ ಕೂಡಬಾರದು ಅಂತ.

ಮಷಿನ್ ಅಂದರೆ ಮರ ಕೊಯ್ಯುವ ಮಷಿನ್. ಚೈನ್‌ಸಾ ಅಂತಾರಲ್ಲ, ಅದು. ರೋಣದ ನನ್ನ ಅಂಗಡಿಗೆ ಇಂಥವು ಬರುತ್ತವೆ. ಸಿಮೆಂಟು, ಕಬ್ಬಿಣದ ಸಳಿ ಕೊಯ್ಯುವ ಕಟ್ಟರ್‌ಗಳೂ ಬರುತ್ತವೆ. ಅದರಲ್ಲೂ ಹಳೆಯ ಮಷಿನ್ ಬಂದರೆ ನನಗೆ ಹಬ್ಬ. ಹೊಸದನ್ನು ಯಾರು ಬೇಕಾದರೂ ಬಿಚ್ಚುತ್ತಾರೆ. ತಯಾರು ಮಾಡಿದ ಕಂಪನಿಯೇ ಮರೆತುಬಿಟ್ಟ ಮಷಿನ್ ಬಿಚ್ಚಿ, ತೊಳೆದು, ಮತ್ತೆ ಕೂಗಿಸುವುದು ಇದೆಯಲ್ಲ? ಅದರ ನಶೆಯೇ ಬೇರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಗೋಡೆಗೆ ತೂಗುಹಾಕಲು ಸರ್ಟಿಫಿಕೇಟ್ ಇಲ್ಲ. ನಾನು ಕೂಗಿಸಿದ ಮಷಿನ್‌ಗಳೇ ನನ್ನ ಸರ್ಟಿಫಿಕೇಟ್. (ಸೊಕ್ಕು ಅಂತೀರಾ? ಅನ್ನಿ. ದುಡಿದು ಗಳಿಸಿದ ಸೊಕ್ಕು.)

ಟಾವೆಲ್ ಹೊದ್ದ ಮಷಿನ್ ಜಕ್ಕಲಿಯ ಮಾಬುಸಾಬರದು. ಅದನ್ನು ನನ್ನ ಹತ್ತಿರ ತಂದವನು ಅವರ ಮಗ ರಫೀಕ್. ರಫೀಕ್ ಗಜೇಂದ್ರಗಡದಲ್ಲಿ ಕಟ್ಟಡಗಳ ಕೆಲಸ ಮಾಡುತ್ತಾನೆ. ಅವನ ಕಟ್ಟರ್ ಕೆಟ್ಟರೆ ನನ್ನ ಹತ್ತಿರವೇ ಬರುವುದು. ಆದರೆ ಅವನ ಅಪ್ಪನನ್ನು ನಾನು ಯಾವತ್ತೂ ನೋಡಿರಲಿಲ್ಲ.

ತಂದ ದಿನ ಗೋಣಿಚೀಲದಿಂದ ಮಷಿನ್ ತೆಗೆದಿಟ್ಟು ರಫೀಕ್ ಹೇಳಿದ. "ಅಪ್ಪಂದ್ರೀ ಅಣ್ಣಾ. ಎರಡ ವರ್ಷ ಆತು, ಚಾಲೂನ ಆಗವಲ್ದು. ಈಗ ಮೊಹರಂ ಬಂತು. ಅಲಾಯಿ ಕಟ್ಟಿಗಿ ನಾನ ಕೊಯ್ಯಾಂವ ಅಂತ ಹಟಾ ಹಿಡದ ಕುಂತಾನ."

ನಮ್ಮ ಕಡೆ ಮೊಹರಂ ಅಂದರೆ ಇಡೀ ಊರಿನ ಹಬ್ಬ. ಮಸೂತಿ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಮಾಡುತ್ತಾರೆ. ಕಟ್ಟಿಗೆ ಎಲ್ಲರ ಮನೆಯಿಂದಲೂ ಬರುತ್ತದೆ. ಗೌಡರ ಹೊಲದ ಜಾಲಿಯೂ ಬರುತ್ತದೆ, ಬಡಿಗೇರ ಹಿತ್ತಲಿನ ಬೇವೂ ಬರುತ್ತದೆ. ಹಾಗೆ ಬಂದ ಬೊಡ್ಡೆಗಳನ್ನು ಕೊಯ್ದು ಕುಣಿಗೆ ಸರಿಯಾಗಿ ಒಟ್ಟುವುದು ಮಾಬುಸಾಬರ ಸೇವೆ. ಕೂಲಿ ಇಲ್ಲ. ಕೊಡಹೋದರೆ ಬೈಗುಳ ಗ್ಯಾರಂಟಿ. ಮಷಿನ್ ಕೆಟ್ಟ ಎರಡು ವರ್ಷ ಬೇರೆಯವರು ಕೊಡಲಿಯಲ್ಲಿ ಕಡಿದಿದ್ದರು. ಮಾಬುಸಾಬರು ದೂರ ಕುಂತು ನೋಡಿದ್ದರು.

"ಈ ಸಲಾನೂ ಆಗಲಿಲ್ಲಂದ್ರ ಅಂವ ಊಟಾನ ಬಿಡ್ತಾನ್ರೀ" ಅಂದ ರಫೀಕ್. "ಹೊಸಾದರಂಗ ಮಾಡಿ ಕೊಡ್ರಿ. ಸರ್ಪ್ರೈಜ್ ಕೊಡೂನು."

"ಹೊಸಾದರಂಗ ಯಾಕೋ? ಹೊಸಾದನ್ನ ನಾಚಸೂವಂಗ ಮಾಡ್ತೀನಿ" ಅಂದೆ ನಾನು.

ಆಮೇಲೆ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸುತ್ತಿದ್ದರು? ಕೆಡುವ ಮುಂಚೆ ಹೊಗೆ ಎಂಥದ್ದು ಬರುತ್ತಿತ್ತು? ಬಿಸಿಯಾದಾಗ ಬಂದ್ ಬೀಳುತ್ತಿತ್ತೋ, ತಣ್ಣಗಿದ್ದಾಗಲೋ? ಡಾಕ್ಟರು ಕೂಡ ಇಷ್ಟು ಕೇಳಲಿಕ್ಕಿಲ್ಲ. ರಫೀಕ್ ತಿಳಿದಷ್ಟು ಹೇಳಿ ಬಸ್ಸಿಗೆ ಓಡಿದ.

ಮಷಿನ್ ಬಿಚ್ಚಿದೆ. ಎಂಥ ಹಳೆಯ ಜೀವ ಅದು! ಮಾಬುಸಾಬರು ಹರೆಯದಲ್ಲಿ ದಾಂಡೇಲಿ ಕಡೆ ಕಟ್ಟಿಗೆ ಕೆಲಸಕ್ಕೆ ಹೋದಾಗ ಒಬ್ಬ ಕಂತ್ರಾಟದಾರನಿಂದ ತಂದದ್ದಂತೆ. ಒಳಗೆ ಪಿಸ್ಟನ್ ಇನ್ನೂ ಗಟ್ಟಿ. ಕಾರ್ಬೊರೇಟರಿನ ರಬ್ಬರ್ ಪರದೆ ಮಾತ್ರ ಹಪ್ಪಳ ಆಗಿತ್ತು. ಅದನ್ನು ಬದಲಿಸಿದೆ. ಎಣ್ಣೆ ಪಂಪ್ ಬಿಚ್ಚಿ ವರ್ಷಗಳ ಕಿಟ್ಟ ತೆಗೆದೆ. ಚೈನಿನ ಹಲ್ಲು ಒಂದೊಂದಾಗಿ ಉಜ್ಜಿದೆ. ಇಂಜಿನ್ ಕೂಗಿತು. ಅಲ್ಲಿಗೆ ಕೆಲಸ ಮುಗಿದಿತ್ತು, ಅಲ್ಲವೇ?

ಮುಗಿದಿತ್ತು. ನಾನು ಮುಗಿಸಲಿಲ್ಲ.

ಹಿಂದಿನ ಹಿಡಿಕೆ ಕಣ್ಣಿಗೆ ಚುಚ್ಚುತ್ತಿತ್ತು. ಏನು ಅವತಾರ ಅಂತೀರಿ! ಒತ್ತುವ ಟ್ರಿಗರ್‌ಗೆ ಸೈಕಲ್ ಬ್ರೇಕಿನ ಹಿಡಿಕೆಯ ತುಂಡೊಂದನ್ನು ರಿವೆಟ್ ಹೊಡೆದು ಹಿಂದಕ್ಕೆ ಉದ್ದ ಮಾಡಿದ್ದರು. ಹಿಡಿಕೆಯ ಒಂದು ಮಗ್ಗುಲಿಗೆ ಬದನೆಕಾಯಿ ಗಾತ್ರದ ಕಟ್ಟಿಗೆ ತುಂಡು ಕಟ್ಟಿದ್ದರು. ಅದರಲ್ಲಿ ಅಂಕುಡೊಂಕು ತಗ್ಗು, ಎಣ್ಣೆ ಕುಡಿದು ಕರ್ರಗಾಗಿತ್ತು. ಮೇಲೊಂದು ಚರ್ಮದ ಪಟ್ಟಿ, ಹಳೇ ಚಪ್ಪಲಿಯದು. ಯಾರೋ ಅರೆಬೆಂದ ಮಿಸ್ತ್ರಿಯ ಕೈಚಳಕ ಅಂದುಕೊಂಡು ಒಬ್ಬನೇ ನಕ್ಕೆ.

ನನ್ನದೊಂದು ಚಟ ಇದೆ. ಎಲ್ಲವೂ ಒರಿಜಿನಲ್ ಫಿಟ್ಟಿಂಗ್ ಆಗಬೇಕು. ಕಂಪನಿ ಹ್ಯಾಗೆ ಕಳಿಸಿತ್ತೋ ಹಾಗೆ.

ಅದೇ ಮಾಡೆಲ್ಲಿನ ಸತ್ತ ಮಷಿನ್ ಒಂದು ನರಗುಂದದ ಹಳೆಯ ಕಟ್ಟಿಗೆ ಅಡ್ಡೆಯಲ್ಲಿ ಬಿದ್ದಿದೆ ಅಂತ ಗೊತ್ತಿತ್ತು. ಅಂಗಡಿ ಬಾಗಿಲು ಹಾಕಿ ನರಗುಂದಕ್ಕೆ ಹೋದೆ. ಅಡ್ಡೆಯವನ ಜೊತೆ ಚಹಾ ಕುಡಿದು, ಗುಡ್ಡದ ಸುದ್ದಿ, ಕಾಲುವೆ ನೀರಿನ ಸುದ್ದಿ ಎಲ್ಲ ಮಾತಾಡಿ, ಪುಸಲಾಯಿಸಿ, ಅದರ ಹಿಡಿಕೆ ಮತ್ತು ಟ್ರಿಗರ್ ಬಿಚ್ಚಿಸಿಕೊಂಡು ಬಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಂತಿದ್ದೆ, ಕೂಸಿನ ಹಾಗೆ. ಬೈಕ್‌ಗೆ ಬಣ್ಣ ಹೊಡೆಯುವ ಗೆಳೆಯನಿಂದ ಕಿತ್ತಳೆ ಬಣ್ಣ ಸ್ಪ್ರೇ ಮಾಡಿಸಿದೆ. ಕಿತ್ತು ತೆಗೆದದ್ದು? ಬ್ರೇಕಿನ ತುಂಡು ಗುಜರಿಗೆ. ಚರ್ಮದ ಪಟ್ಟಿ ಕಸಕ್ಕೆ. ಕಟ್ಟಿಗೆ ತುಂಡು, ಮಷಿನ್ ಟೆಸ್ಟ್ ಮಾಡುವಾಗ ಕೊಯ್ದ ಚೂರುಗಳ ಚೀಲಕ್ಕೆ. ಆ ಚೀಲ ದಿನಾ ನಮ್ಮ ಮನೆಯ ಬಚ್ಚಲ ಒಲೆಗೆ ಹೋಗುತ್ತದೆ.

ಹೀಗೆ ಟಾವೆಲ್ ಹೊದ್ದು ಮಷಿನ್ ತಯಾರಾಯಿತು. ಅಪ್ಪ-ಮಗ ಬಂದರು.

ಮಾಬುಸಾಬರು ಬಿಳಿ ಗಡ್ಡದ, ಬಡಕಲು ಆಳು. ಬಲಗೈ ಹೆಗಲ ಮೇಲಿನ ಶಾಲಿನೊಳಗೆ ಇತ್ತು. ಎಡಗೈಯಿಂದಲೇ ಸಲಾಂ ಮಾಡಿದರು. ನಾನು ಜಾದೂಗಾರನ ಹಾಗೆ ಟಾವೆಲ್ ಎಳೆದೆ.

"ಯಾ ಅಲ್ಲಾ!" ಅಂದರು. "ಇದು ನಮ್ದ ಏನ್ರೀ ಮಿಸ್ತ್ರಿ?"

"ನಿಮ್ದ ಕಾಕಾ. ಎಳೀರಿ ಹಗ್ಗ."

ಇದು ನನ್ನ ಅಂಗಡಿಯ ರೂಢಿ. ರಿಪೇರಿ ಮುಗಿದ ಮೇಲೆ, ಒಯ್ಯುವ ದಿನ, ಮಾಲೀಕರೇ ಹಗ್ಗ ಎಳೆದು ಚಾಲೂ ಮಾಡಿ ಒಂದು ತುಂಡು ಕೊಯ್ಯಬೇಕು. ಅಲ್ಲಿಯವರೆಗೆ ಮಷಿನ್ ನನ್ನದು. ಕೊಯ್ದ ಮೇಲೆ ಅವರದು.

ಕಾಲಿನಲ್ಲಿ ಮಷಿನ್ ಒತ್ತಿ ಹಿಡಿದು ಎಡಗೈಯಲ್ಲಿ ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಹತ್ತಿತು. ಆ ಸದ್ದು ಕೇಳಿ ಮುದುಕರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ರಫೀಕ್ ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದ. ಮಾಬುಸಾಬರು ಎಡಗೈಯಲ್ಲಿ ಮುಂದಿನ ಹಿಡಿಕೆ ಹಿಡಿದು ಮಷಿನ್ ಎತ್ತಿದರು. ಬಲಗೈ ಶಾಲಿನಿಂದ ಹೊರಗೆ ಬಂತು.

ಹೆಬ್ಬೆರಳು ಇತ್ತು. ಕಿರುಬೆರಳು ಇತ್ತು. ನಡುವೆ ಏನೂ ಇರಲಿಲ್ಲ.

ಎಂದೋ ಜೋಳದ ರಾಶಿ ಮಾಡುವ ಮಷಿನ್ ಬೆರಳು ನುಂಗಿತ್ತಂತೆ. ಅದು ನನಗೆ ಆಮೇಲೆ ಗೊತ್ತಾಯಿತು. ಆದರೆ ಆ ಕ್ಷಣದಲ್ಲೇ, ಯಾರೂ ಹೇಳದೆ, ಉಳಿದದ್ದೆಲ್ಲ ಗೊತ್ತಾಯಿತು. ಆ ಕಟ್ಟಿಗೆ ತುಂಡು ಕೂತಿದ್ದು ಮೂರು ಬೆರಳುಗಳ ಜಾಗದಲ್ಲಿ. ಬ್ರೇಕಿನ ತುಂಡು ಉದ್ದವಾಗಿದ್ದದ್ದು ಕಿರುಬೆರಳಿಗೆ ಎಟುಕಲಿ ಅಂತ. ಚರ್ಮದ ಪಟ್ಟಿ ಇದ್ದದ್ದು ಅಂಗೈ ಜಾರದಿರಲಿ ಅಂತ.

ಮುದುಕರ ಅಂಗೈ ನನ್ನ ಒರಿಜಿನಲ್ ಹಿಡಿಕೆಯ ಮೇಲೆ ಅತ್ತಿತ್ತ ಸರಿದಾಡಿತು. ಕಿರುಬೆರಳು ಟ್ರಿಗರ್ ಹುಡುಕಿತು. ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದರು. ಮಷಿನ್ ವಾಲಿತು. ನಾನು ಓಡಿಹೋಗಿ ಹಿಡಿದು ಬಂದ್ ಮಾಡಿದೆ.

ರಫೀಕ್ ಮೊಬೈಲ್ ಕಿಸೆಗೆ ಹಾಕಿಕೊಂಡ.

"ಭಾಳ ಚಂದ ಮಾಡೀರಿ ಮಿಸ್ತ್ರಿ. ಮದಿಮಗನಂಗ ಕಾಣಾಕತ್ತೇತಿ" ಅಂದರು ಮಾಬುಸಾಬರು. ಖರೇನೇ ಅಂದರು, ಚುಚ್ಚಲು ಅಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಇದರ ಕೂಡ ಒಂದು ಕಟ್ಟಿಗಿ ತುಂಡು ಇತ್ತಲ್ರೀ?"

ಆ ತುಂಡಿನ ಬೆಂಕಿಗೆ ಕಾಯ್ದ ನೀರಿನಲ್ಲಿ ನಾನು ಆಗಲೇ ಸ್ನಾನ ಮಾಡಿ ಬಂದಿದ್ದೆ.

ರಫೀಕ್‌ನ ಮೇಲೆ ಹರಿಹಾಯ್ದೆ. (ನಮ್ಮ ತಪ್ಪಿಗೆ ಮೊದಲು ಹತ್ತಿರ ಇದ್ದವರ ಮೇಲೆ ಹರಿಹಾಯುವುದು ಪದ್ಧತಿಯಲ್ಲವೇ?) "ಒಂದ ಮಾತು ಹೇಳಾಕ ಆಗಿದ್ದಿಲ್ಲೇನಪಾ?"

ಅವನು ಕಣ್ಣು ಕೆಳಗೆ ಹಾಕಿದ. "ನಾ ಹುಟ್ಟಿದಾಗಿಂದ ಅಪ್ಪನ ಕೈ ಹಂಗ ಐತ್ರೀ ಅಣ್ಣಾ. ಅದು ಬ್ಯಾರೆ ಐತಿ ಅಂತ ನನಗ ಯಾವತ್ತೂ ಅನಸೇ ಇಲ್ಲ."

ಅವನದು ಸರಿ. ಮಗನಿಗೆ ಅದು ಅಪ್ಪನ ಕೈ, ಅಷ್ಟೇ. ಕೇಳಬೇಕಾದವನು ನಾನು. ಮಷಿನ್ ಬಗ್ಗೆ ಅಷ್ಟೆಲ್ಲ ಕೇಳಿದವನು, ಅದನ್ನು ಹಿಡಿಯುವವರು ಯಾರು ಅಂತ ಒಂದು ಮಾತು ಕೇಳಲಿಲ್ಲ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಅಂದಳು, "ಪುಣ್ಯಾಕ್ಕ ನೀವು ದರ್ಜಿ ಆಗಲಿಲ್ಲ. ಅಳತಿ ತಗೊಳ್ಳಲಾರದ ಊರ ಮಂದಿಗೆಲ್ಲಾ ಅಂಗಿ ಹೊಲೀತಿದ್ರಿ."

ಬಡಿದದ್ದು ರೊಟ್ಟಿಗೋ ನನಗೋ!

ಮಾಬುಸಾಬರನ್ನು ಮತ್ತೆ ಕರೆಸಿದೆ. ಅವರ ಅಂಗೈಯ ಅಳತೆ ತೆಗೆದುಕೊಂಡೆ. ಹಿಟ್ಟಿನ ಮುದ್ದೆಯಲ್ಲಿ ಕೈ ಒತ್ತಿಸಿ ಅಚ್ಚು ತೆಗೆದೆ. ಬ್ರೇಕಿನ ಹಿಡಿಕೆ ಹೊಸದು ತಂದು ರಿವೆಟ್ ಹೊಡೆದೆ. ಬೇವಿನದೊಂದು ತುಂಡು ಕೆತ್ತಿದೆ. ಆಗಲಿಲ್ಲ. ಜಾಲಿಯದು ಕೆತ್ತಿದೆ. ಆಗಲಿಲ್ಲ. ಒಂದು ಕಡೆ ಒತ್ತುತ್ತಿತ್ತು, ಇನ್ನೊಂದು ಕಡೆ ಜಾರುತ್ತಿತ್ತು.

"ಅಳತಿ ಬರೋಬ್ಬರಿ ಐತಲ್ರೀ ಕಾಕಾ?" ಅಂದೆ, ಸೋತು.

"ಅಳತಿ ಬರೋಬ್ಬರಿ ಐತ್ರೀ. ಆದ್ರ ಆ ಹಳೇ ತುಂಡು ಅಳತಿ ಹಿಡದು ಮಾಡಿದ್ದಲ್ರೀ ಮಿಸ್ತ್ರಿ" ಅಂದರು. "ನೋವಾದಲ್ಲೆ ಸಣ್ಣಾಗಿ ಕುಡಗೋಲಲೇ ಹೆರೀತಿದ್ನಿ. ಮುಂದಿನ ವರ್ಷ ಮತ್ತೊಂದ ಕಡೆ ನೋವು, ಅಲ್ಲೆ ಮತ್ತ ಹೆರಿಯೂದು. ಹಂಗ ಆಗಿದ್ದದು."

ಎಷ್ಟೋ ವರ್ಷಗಳ ನೋವು ಆ ತುಂಡನ್ನು ಕೆತ್ತಿತ್ತು. ನಾನು ಅದನ್ನು ವಾರದಲ್ಲಿ ಮಾಡಿ ಮುಗಿಸಲು ಕುಂತಿದ್ದೆ.

ಈ ಚಟ ನನಗೊಬ್ಬನಿಗೇ ಇದೆಯೇ? ರಾಜೂರದಲ್ಲಿ ನನ್ನ ಅಕ್ಕನ ಮನೆ ಇದೆ. ಅವಳ ಮಗ ಬಂಗಾರದಂಥವನು. ಅವ್ವ ನೆಲದ ಮೇಲೆ ಕುಂತು ಒಲೆ ಊದುತ್ತಾಳಲ್ಲ ಅಂತ ಮರುಗಿ, ಅವಳು ಯಾತ್ರೆಗೆ ಹೋದಾಗ ಗ್ರಾನೈಟ್ ಕಟ್ಟೆಯ ಅಡುಗೆಮನೆ ಕಟ್ಟಿಸಿಬಿಟ್ಟ. ಅವನೂ ಸರ್ಪ್ರೈಜ್ ಕೊಟ್ಟಿದ್ದು! ಅಕ್ಕ ಗಿಡ್ಡ. ಜೀವಮಾನವೆಲ್ಲ ಒಂದು ಕಾಲು ಚಾಚಿ ಕುಂತು ರೊಟ್ಟಿ ಬಡಿದವಳು. ಈಗ ಮಣೆ ಇಟ್ಟು ಅದರ ಮೇಲೆ ಹತ್ತಿ ನಿಂತು ಬಡಿಯುತ್ತಾಳೆ, ರೊಟ್ಟಿ ದುಂಡಗೆ ಬರುವುದಿಲ್ಲ. "ಹ್ಯಾಂಗೈತಬೇ ಹೊಸಾ ಅಡಗಿಮನಿ?" ಅಂದರೆ, "ಫೋಟೋ ತಗಸಾಕ ಭಾಳ ಚಲೋ ಐತಪಾ" ಅನ್ನುತ್ತಾಳೆ. ಮಗನ ಮುಂದೆ ಅದನ್ನೂ ಅನ್ನುವುದಿಲ್ಲ.

ಪ್ರೀತಿಯಿಂದ ಮಾಡಿದ ತಪ್ಪಿಗೆ ಇದೇ ತೊಂದರೆ. ಎದುರಿಗಿದ್ದವರು ಬೈಯುವುದೂ ಇಲ್ಲ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ನಮ್ಮ ಕಣ್ಣಿಗೆ ಅಡ್ಡಾದಿಡ್ಡಿ ಕಾಣುವುದನ್ನೆಲ್ಲ ನೆಟ್ಟಗೆ ಮಾಡುವ ಅವಸರ ನಮಗೆ. ಅದು ಅಡ್ಡಾದಿಡ್ಡಿ ಯಾಕಾಯಿತು ಅಂತ ಕೇಳಲು ಪುರುಸೊತ್ತಿಲ್ಲ. ಈಗ ನನ್ನ ಅಂಗಡಿಗೆ ಮಷಿನ್ ತಂದವರನ್ನು ಮೊದಲು ಕೇಳುತ್ತೇನೆ: ಇದನ್ನು ಹಿಡಿಯುವವರು ಯಾರು? ಅವರನ್ನೇ ಕರೆದುಕೊಂಡು ಬರ್ರಿ. ಮಂದಿ ನಗುತ್ತಾರೆ. "ಮಷಿನ್ ರಿಪೇರಿಗೆ ಮನಶ್ಯಾನ್ನ ಯಾಕ ತರೂನ್ರೀ?" ಅನ್ನುತ್ತಾರೆ. ನಗಲಿ. ಆದರೆ ಈ ಬುದ್ಧಿಯಿಂದ ಮಾಬುಸಾಬರಿಗೆ ಏನು ಬಂತು?

ಮೊಹರಂ ಬಂತು. ನನ್ನ ತುಂಡು ಯಾವುದೂ ಕೂಡದೆ, ಒರಿಜಿನಲ್ ಹಿಡಿಕೆಯಲ್ಲೇ ರಫೀಕ್ ಮಷಿನ್ ಒಯ್ದಿದ್ದ. ಕರೆದಿರಲಿಲ್ಲ, ಆದರೂ ಜಕ್ಕಲಿಗೆ ಹೋದೆ. ಮನೆಯಲ್ಲಿ ಕುಂತರೆ ಕುಂತಲ್ಲಿ ಕೂಡಲಾಗುತ್ತಿರಲಿಲ್ಲ.

ಮಸೂತಿ ಮುಂದೆ ಬೊಡ್ಡೆಗಳ ರಾಶಿ ಬಿದ್ದಿತ್ತು. ಕಿತ್ತಳೆ ಮಷಿನ್ ಹಿಡಿದು ಕೊಯ್ಯುತ್ತಿದ್ದವನು ರಫೀಕ್. ಮಾಬುಸಾಬರು ಕಟ್ಟೆಯ ಮೇಲೆ ಕುಂತಿದ್ದರು, ಬಲಗೈ ಶಾಲಿನೊಳಗೆ. "ಗಂಟ ಇದ್ದಲ್ಲೆ ಹಿಡೀಬ್ಯಾಡೋ, ಚೈನ್ ಹರದೀತು" ಅಂತ ಒಂದೆರಡು ಸಲ ಕೂಗಿದರು. ಸದ್ದಿನಲ್ಲಿ ಮಗನಿಗೆ ಕೇಳಿಸಲಿಲ್ಲ. ನನ್ನನ್ನು ನೋಡಿ ಸರಿದು ಜಾಗ ಕೊಟ್ಟರು. ಚಹಾ ತರಿಸಿದರು.

ಅಷ್ಟರಲ್ಲಿ ಅವರ ಓರಗೆಯ ಗೌಡರೊಬ್ಬರು ಬಂದು ಮಷಿನ್ ನೋಡಿ ಹುಬ್ಬೇರಿಸಿದರು.

"ಏನಪಾ ಮಾಬೂ, ಹೊಸಾ ಮಷಿನ್ ತಗೊಂಡೀ? ಒಂದ ಮಾತ ಹೇಳಲಿಲ್ಲಲ್ಲೋ!"

"ಹೂನೋ ಗೌಡಾ. ಮಗಾ ತಂದಾನ."

"ಭಾಳ ಚಂದ ಐತಿ ಬಿಡು. ಮತ್ತ ನಿನ್ನ ಹಳೇದು? ಅದನ್ನೇನ ಮಾರಿದ್ಯೋ?"

ಚಹಾದ ಕಪ್ಪು ನನ್ನ ಕೈಯಲ್ಲೇ ನಿಂತಿತು. ಮಾಬುಸಾಬರು ನನ್ನ ಕಡೆ ತಿರುಗಲೂ ಇಲ್ಲ.

"ಅದನ್ಯಾಕ ಮಾರ್ಲಿ? ರೋಣಕ್ಕ ರಿಪೇರಿಗೆ ಕೊಟ್ಟೇನಿ. ಇನ್ನೂ ಬಂದಿಲ್ಲ."

ಇಷ್ಟು ವರ್ಷಗಳ ನನ್ನ ಕಸುಬಿನಲ್ಲಿ, ರಿಪೇರಿಗೆ ಬಂದು ವಾಪಸ್ ಹೋಗದ ಮಷಿನ್ ಅದೊಂದೇ.