ಒಂದೇ ಅಳತೆಯ ಮೊಳೆ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಬೆಳಗಿನ ಹಾಲು ಕರೆಯುವ ಹೊತ್ತು. ಅಚ್ಚುಕೂಟದ ಕಿಟಕಿಯ ಬೆಳಕಿಗೆ ಬಾಗಿ ಮಹದೇವು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದಾರೆ. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಒಂದು ವಿಮಾ ಕಂಪನಿಯ ಕರಪತ್ರದ ಕೆಲಸ.

ಕಂಪನಿ ಕೊಟ್ಟ ಮಾದರಿಯಲ್ಲಿ, ಲಾಭವಾಗಿ ಬೋನಸ್ ಬಂದರೆ ಸಿಗಬಹುದಾದ ಮೊತ್ತ ಅಂಗಡಿಯ ಬೋರ್ಡಿನಷ್ಟು ದಪ್ಪ. ಖಂಡಿತ ಸಿಗುವ ಮೊತ್ತ ತಳದಲ್ಲಿ ಇರುವೆ ಸಾಲು. ಮಹದೇವು ಎರಡನ್ನೂ ಒಂದೇ ಅಳತೆಯಲ್ಲಿ ಕೂರಿಸುತ್ತಾರೆ. ಖಂಡಿತದ್ದು ಮೊದಲು.

ಹಾಗೆ ಮಾಡೆಂದು ಯಾವ ಕಾನೂನೂ ಹೇಳಿಲ್ಲ. ಸ್ವಾತಂತ್ರ್ಯ ಬಂದು ಏಳು ವರ್ಷ. ಬೆಲ್ಲದ ತಕ್ಕಡಿಗೆ ಮುದ್ರೆ ಒತ್ತಲು ಸರ್ಕಾರಕ್ಕೆ ಇನ್ಸ್‌ಪೆಕ್ಟರ್ ಇದ್ದಾನೆ. ಬಡವರ ಮುಂದೆ ಆಸೆ ತೂಗುವ ಕಾಗದಕ್ಕೆ ಯಾರಿದ್ದಾರೆ?

ಮೇಟಗಳ್ಳಿಯ ಹೊಲ ಬಿಟ್ಟು ಬಂದ ಮಹದೇವು ಮೊದಲು ಮಸಿ ಒರೆಸುತ್ತಿದ್ದವರು, ಆಮೇಲೆ ಮೊಳೆಗೆ ಕೈ ಹಾಕಿದವರು. ಅವರ ವಠಾರದ ದೇವಿರಮ್ಮ ಚಾಮುಂಡಿ ಬೆಟ್ಟದಲ್ಲಿ ಹೂವು ಮಾರುತ್ತಾರೆ. ಗಂಡ ಕಟ್ಟಿದ್ದ ಪಾಲಿಸಿಯ ದಪ್ಪ ಅಂಕಿ ನಂಬಿ ಹೋದ ವರ್ಷ ಮಗಳ ಮದುವೆ ಗೊತ್ತು ಮಾಡಿದರು. ಕಂಪನಿಗೆ ಲಾಭವಿಲ್ಲವಂತೆ, ಬೋನಸ್ಸೂ ಇಲ್ಲ. ಮದುವೆ ನಿಂತಿತು.

"ಆವಕ್ಕ ಕಾಗದ ಹಿಡ್ಕಂಡು ಬಂದು, ಈ ಸಣ್ಣಕ್ಕಿರೋದು ಏನು ಓದಪ್ಪ ಅಂದ್ರು. ಓದೋಕೆ ನಂಗೇ ನಾಚಿಕೆ ಆಯ್ತು. ನಮ್ಮಂಥೋನೇ ಯಾವನೋ ಜೋಡಿಸಿದ್ದು ತಾನೆ ಅದು?" ಎನ್ನುತ್ತಾರೆ ಮಹದೇವು.

ಅಷ್ಟರಲ್ಲಿ ಕಂಪನಿಯ ಏಜೆಂಟರು ಬರುತ್ತಾರೆ. ಪ್ರೂಫ್ ನೋಡಿ ಹುಬ್ಬು ಗಂಟಿಕ್ಕುತ್ತಾರೆ.

"ಬೋನಸ್ ದಪ್ಪ ಮಾಡಯ್ಯ. ಹಿಂಗಿದ್ರೆ ಪಾಲಿಸಿ ಯಾರು ತಗೋತಾರೆ?"

"ಮಾಡೋಣ ಬುಡಿ ಸ್ವಾಮಿ. ಖಂಡಿತದ್ದೂ ಅಷ್ಟೇ ದಪ್ಪ ಮಾಡ್ತೀನಿ."

"ಈ ಬೀದೀಲಿ ಬೇರೆ ಪ್ರೆಸ್ಸೇ ಇಲ್ವೇನಯ್ಯ?" ಏಜೆಂಟರು ಹೊರಟೇಬಿಡುತ್ತಾರೆ.

ಮಾಲೀಕ ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆಯುತ್ತಾರೆ. "ಈ ಗಿರಾಕಿ ಕೈಬಿಟ್ರೆ ನೀನೂ ಅವರ ಹಿಂದೇನೇ ಹೊರಡು. ಮೊಳೆ ನಂದು ಕಣಯ್ಯ."

"ಮೊಳೆ ನಿಮ್ಮವೇ ಬುದ್ಧಿ. ಕೈ ನಂದು."

ಸಂಜೆಗೆ ಏಜೆಂಟರು ವಾಪಸು. ಬೀದಿಯ ಉಳಿದೆರಡು ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವವರದ್ದೂ ಅದೇ ಮಾತು. ಎಲ್ಲರೂ ಕಾಫಿ ಕುಡಿಯುವುದು ಒಂದೇ ಹೋಟೆಲಿನಲ್ಲಿ. ದೇವಿರಮ್ಮನ ಕಾಗದ ಅಲ್ಲಿ ಕೈಯಿಂದ ಕೈಗೆ ಓಡಾಡಿದೆ. ಸರ್ಕಾರ ಮಾಡದ ಕಾನೂನನ್ನು ಮಸಿ ಮೆತ್ತಿದ ಕೈಗಳು ಹೋಟೆಲಿನ ಬೆಂಚಿನ ಮೇಲೆ ಮಾಡಿವೆ.

"ಹಂಗೇ ಹಾಕು, ಅತ್ಲಾಗೆ" ಎಂದು ಏಜೆಂಟರು ಗೊಣಗುತ್ತಾರೆ. ವೆಂಕಟಸುಬ್ಬಯ್ಯನವರು ಕನ್ನಡಕ ಒರೆಸುತ್ತಾರೆ.

"ಸರ್ಕಾರದೋರು ಒಂದು ರೂಲ್ ಮಾಡ್ಬುಟ್ರೆ ಸಾಕು," ಎನ್ನುತ್ತಾರೆ ಮಹದೇವು, "ನಾನು ನನ್ ಪಾಡಿಗೆ ಲಗ್ನಪತ್ರಿಕೆ ಜೋಡಿಸ್ಕಂಡು ಇರ್ತೀನಿ."

ಬೆಟ್ಟದಿಂದ ಬಂದ ದೇವಿರಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ ಹಸಿ ಪ್ರೂಫ್ ಚಾಚುತ್ತಾರೆ. "ಖಂಡಿತ ಸಿಗೋದು ಯಾವ್ದಕ್ಕ, ತೋರ್ಸಿ."

ಅವರು ಬುಟ್ಟಿ ಇಳಿಸಿ, ಅಕ್ಷರ ಕೂಡಿಸಿ ಓದಿ, ಮೊದಲ ಸಾಲಿನ ಮೇಲೆ ಬೆರಳಿಡುತ್ತಾರೆ. ಮಸಿ ಬೆರಳಿಗೆ ಹತ್ತುತ್ತದೆ.

ಮಹದೇವು ಒಳಗೆ ತಿರುಗಿ ಹೇಳುತ್ತಾರೆ: "ಮಿಷನ್ ಓಡ್ಸಿ ಕಣ್ರಪ್ಪ."